ವಿಲ್ಕಿ ಕಾಲಿನ್ಸ್ ಮತ್ತು ಶ್ರೀರಂಗಪಟ್ಟಣದ ವಜ್ರ

1868ರ ಜನವರಿ 4ರಂದು ಎರಡು ಪೆನ್ನಿ ಕೊಟ್ಟು 'ಆಲ್ ದಿ ಇಯರ್ ರೌಂಡ್' ವಾರಪತ್ರಿಕೆ ಕೊಂಡ ಲಂಡನ್ನಿನ ಓದುಗನಿಗೆ ಎದುರಾದದ್ದು ನಮ್ಮ ಶ್ರೀರಂಗಪಟ್ಟಣ. ಪತ್ರಿಕೆಯ ಸಂಪಾದಕ ಚಾರ್ಲ್ಸ್ ಡಿಕನ್ಸ್. ಆ ವಾರ ಶುರುವಾದ ಹೊಸ ಧಾರಾವಾಹಿ 'ದಿ ಮೂನ್‌ಸ್ಟೋನ್'. ಬರೆದವನು ವಿಲ್ಕಿ ಕಾಲಿನ್ಸ್. ಕಥೆ ನಡೆಯುವುದು ಬಹುಮಟ್ಟಿಗೆ ಇಂಗ್ಲೆಂಡಿನ ಯಾರ್ಕ್‌ಶೈರಿನ ಕಡಲ ತೀರದ ಒಂದು ದೊಡ್ಡ ಮನೆಯಲ್ಲಿ, ಆಮೇಲೆ ಲಂಡನ್ನಿನಲ್ಲಿ. ಆದರೆ ಅದರ ಮುನ್ನುಡಿಯ ಅಧ್ಯಾಯ ನಡೆಯುವುದು 1799ರ ಮೇ 4ರಂದು, ಕೋಟೆ ಬಿದ್ದ ದಿನ. ಜಾನ್ ಹರ್ನ್‌ಕ್ಯಾಸಲ್ ಎಂಬ ಇಂಗ್ಲಿಷ್ ಸೇನಾಧಿಕಾರಿ ಅರಮನೆಯ ಆಯುಧಶಾಲೆಯಲ್ಲಿ ಮೂವರನ್ನು ಕೊಂದು ಒಂದು ಹಳದಿ ವಜ್ರವನ್ನು ಕದಿಯುತ್ತಾನೆ. ಮುಂದಿನ ಮೂವತ್ತೊಂದು ವಾರಗಳ ಕಥೆಯೆಲ್ಲ ಆ ಒಂದು ಕಳ್ಳತನದ ಬಾಕಿ ತೀರುವಳಿ.

ನನ್ನ ಪಿಎಚ್.ಡಿ. ಕೆಲಸ ಇರುವುದು 1799ರ ನಂತರ ಇಂಗ್ಲೆಂಡಿನಲ್ಲಿ ಶ್ರೀರಂಗಪಟ್ಟಣದ ಬಗ್ಗೆ ಬಂದ ಬರಹ, ಚಿತ್ರ, ನಾಟಕಗಳ ಮೇಲೆ. ಈ ಕಾದಂಬರಿಯನ್ನು ಒಂದು ಅಡಿಟಿಪ್ಪಣಿಯಲ್ಲಿ ಮುಗಿಸುವ ಯೋಚನೆಯಿತ್ತು. 'ಪತ್ತೇದಾರಿ ಕಾದಂಬರಿ ಓದ್ಕೊಂಡು ಕೂತ್ರೆ ಅಧ್ಯಾಯ ಯಾವಾಗ ಕೊಡ್ತೀಯಮ್ಮ?' ಎಂದು ನನ್ನ ಮಾರ್ಗದರ್ಶಕರು ನಕ್ಕಿದ್ದೂ ಉಂಟು. ಈಗ ಅಡಿಟಿಪ್ಪಣಿ ಬೆಳೆದು ಅಧ್ಯಾಯವೇ ಆಗಿದೆ. ನಮ್ಮಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವರಿಗೂ ಕಾಲಿನ್ಸ್ ಗೊತ್ತಿರುವುದು ಡಿಕನ್ಸ್‌ನ ಗೆಳೆಯನೆಂದು ಮಾತ್ರ; ಪಠ್ಯಪಟ್ಟಿಯಲ್ಲಿ ಅವನಿಗೆ ಜಾಗ ಸಿಗುವುದು ಅಪರೂಪ. ಅವನ ಕಾಲದಲ್ಲಿ ಹಾಗಿರಲಿಲ್ಲ. ಅವನ ಕಾದಂಬರಿಗಾಗಿ ಜನ ಪತ್ರಿಕೆಯ ಕಚೇರಿಯ ಮುಂದೆ ಗುಂಪುಗೂಡಿ ನಿಲ್ಲುತ್ತಿದ್ದರು.

ಕಾಲಿನ್ಸ್ ಹುಟ್ಟಿದ್ದು 1824ರ ಜನವರಿ 8ರಂದು, ಲಂಡನ್ನಿನ ಮೆರಿಲ್‌ಬೋನ್‌ನಲ್ಲಿ. ತಂದೆ ವಿಲಿಯಂ ಕಾಲಿನ್ಸ್ ರಾಯಲ್ ಅಕಾಡೆಮಿಯ ಸದಸ್ಯ. ಕಡಲ ತೀರ, ಹಳ್ಳಿಯ ಮಕ್ಕಳು, ಸಂಜೆಯ ಬೆಳಕು ಇಂಥವನ್ನು ಬರೆದು ಹೆಸರು ಮಾಡಿದ ಚಿತ್ರಕಾರ, ಬಲು ದೈವಭಕ್ತ. ಮಗನಿಗೆ ತನ್ನ ಆಪ್ತ ಗೆಳೆಯ, ಸ್ಕಾಟ್ಲೆಂಡಿನ ಚಿತ್ರಕಾರ ಡೇವಿಡ್ ವಿಲ್ಕಿಯ ಹೆಸರಿಟ್ಟ. ಡೇವಿಡ್ ವಿಲ್ಕಿಯೇ ಮಗುವಿನ ಜ್ಞಾನಪಿತ. ಹೀಗೆ ವಿಲಿಯಂ ವಿಲ್ಕಿ ಕಾಲಿನ್ಸ್. ಬರುಬರುತ್ತಾ ಮೊದಲ ಹೆಸರು ಉದುರಿ ಜ್ಞಾನಪಿತನ ಹೆಸರೇ ನಿಂತಿತು.

ಈ ಡೇವಿಡ್ ವಿಲ್ಕಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್. 1780ರ ಪೊಳ್ಳಿಲೂರು ಕದನದಲ್ಲಿ ಸೆರೆ ಸಿಕ್ಕು ಇದೇ ಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಬಂದಿಯಾಗಿದ್ದವನು. ಅವನು ಸತ್ತ ಮೇಲೆ ಅವನ ವಿಧವೆ, ಗಂಡನ ನೆನಪಿಗೆ ಒಂದು ಭಾರಿ ಚಿತ್ರ ಬರೆದುಕೊಡಲು ಡೇವಿಡ್ ವಿಲ್ಕಿಯನ್ನು ಕೇಳಿದಳು. 1839ರಲ್ಲಿ ಚಿತ್ರ ಮುಗಿಯಿತು. ಟಿಪ್ಪುವಿನ ಶವವನ್ನು ಬೇರ್ಡ್ ಕಂಡುಹಿಡಿದ ಗಳಿಗೆ ಅದರ ವಸ್ತು. ಕೋಟೆಯ ಬಾಗಿಲಿನ ಕಮಾನಿನ ಕೆಳಗೆ ಬೇರ್ಡ್ ನೆಟ್ಟಗೆ ನಿಂತಿದ್ದಾನೆ. ಕೆಳಗೆ ಕತ್ತಲಲ್ಲಿ ಟಿಪ್ಪುವಿನ ದೇಹ, ಅದರ ಸುತ್ತ ಬಾಗಿದ ಮನುಷ್ಯರು, ಲಾಟೀನಿನ ಬೆಳಕು. ಬೇರ್ಡ್‌ನ ಕಾಲಡಿಯಲ್ಲೇ ಒಂದು ಕಬ್ಬಿಣದ ಜಾಲರಿಯಿದೆ. ಅವನು ಹಿಂದೆ ಬಿದ್ದಿದ್ದ ಸೆರೆಮನೆಯ ಸೂಚನೆ ಅದು. ಈ ಚಿತ್ರ ಈಗ ಸ್ಕಾಟ್ಲೆಂಡಿನ ರಾಷ್ಟ್ರೀಯ ಸಂಗ್ರಹದಲ್ಲಿದೆ. ನಾನು ನೋಡಿರುವುದು ಅಚ್ಚಿನಲ್ಲಿ ಮಾತ್ರ. ಅಷ್ಟರಲ್ಲೇ ಅದರ ಉದ್ದೇಶ ತಿಳಿಯುತ್ತದೆ: ಅನ್ಯಾಯಕ್ಕೊಳಗಾದವನು ಗೆದ್ದು ಬಂದ, ಲೆಕ್ಕ ಚುಕ್ತವಾಯಿತು. ಅದು ಮುಗಿದಾಗ ಹುಡುಗ ವಿಲ್ಕಿಗೆ ಹದಿನೈದು ವರ್ಷ. ಎರಡು ವರ್ಷದ ನಂತರ ಪೂರ್ವದೇಶಗಳ ಪ್ರವಾಸದಿಂದ ಮರಳುವಾಗ ಡೇವಿಡ್ ವಿಲ್ಕಿ ಹಡಗಿನಲ್ಲೇ ತೀರಿಕೊಂಡ; ಜಿಬ್ರಾಲ್ಟರ್ ಹತ್ತಿರ ಸಮುದ್ರದಲ್ಲೇ ಸಮಾಧಿಯಾಯಿತು.

ಹುಡುಗ ವಿಲ್ಕಿ ಕುಳ್ಳ. ಕೈಕಾಲು ಪುಟ್ಟವು, ಹಣೆಯ ಬಲಭಾಗ ಹುಟ್ಟಿನಿಂದಲೇ ಉಬ್ಬಿತ್ತು. ಹನ್ನೆರಡರಿಂದ ಹದಿನಾಲ್ಕನೇ ವಯಸ್ಸಿನವರೆಗೆ ಮನೆಯವರೊಂದಿಗೆ ಇಟಲಿ ಸುತ್ತಿದ. ಹಿಂತಿರುಗಿದ ಮೇಲೆ ಸೇರಿಸಿದ ವಸತಿಶಾಲೆಯಲ್ಲಿ ಅವನ ಮೇಲೆ ದಬ್ಬಾಳಿಕೆ ನಡೆಸುವ ದೊಡ್ಡ ಹುಡುಗನೊಬ್ಬನಿದ್ದ. ರಾತ್ರಿ ಕಥೆ ಹೇಳದಿದ್ದರೆ ಏಟು. ಹೇಳಿದ ಕಥೆ ಸಪ್ಪೆಯಾದರೂ ಏಟು. ತನ್ನೊಳಗೆ ಕಥೆಗಾರ ಎದ್ದು ಕೂತದ್ದು ಆ ಕೋಣೆಯಲ್ಲೇ ಎಂದು ಕಾಲಿನ್ಸ್ ಮುಂದೆ ಹೇಳಿಕೊಂಡಿದ್ದಾನೆ. ವಾರವಾರವೂ ಓದುಗನನ್ನು ತುದಿಗಾಲಲ್ಲಿ ನಿಲ್ಲಿಸುವ ಧಾರಾವಾಹಿಕಾರನಿಗೆ ಇದಕ್ಕಿಂತ ಕಠಿಣ ತರಬೇತಿ ಯಾರು ಕೊಟ್ಟಾರು!

ಹದಿನೇಳಕ್ಕೆ ಅವನನ್ನು ಸ್ಟ್ರ್ಯಾಂಡ್ ರಸ್ತೆಯ ಚಹಾ ವ್ಯಾಪಾರಿಗಳ ಕಚೇರಿಗೆ ಹಾಕಿದರು. ಐದು ವರ್ಷ ಬೇಸರದಿಂದ ಕಳೆದ. ಆಮೇಲೆ ಲಿಂಕನ್ಸ್ ಇನ್‌ನಲ್ಲಿ ಕಾನೂನು; 1851ರಲ್ಲಿ ಬ್ಯಾರಿಸ್ಟರ್ ಆದ, ಒಂದು ದಿನವೂ ವಕೀಲಿಕೆ ಮಾಡಲಿಲ್ಲ. ಕಾನೂನು ಮಾತ್ರ ವ್ಯರ್ಥವಾಗಲಿಲ್ಲ. ಸಾಕ್ಷಿಗಳು ಒಬ್ಬೊಬ್ಬರಾಗಿ ಬಂದು, ತಾವು ಕಣ್ಣಾರೆ ಕಂಡದ್ದನ್ನಷ್ಟೇ ಹೇಳಿ ಹೋಗುವ ನ್ಯಾಯಾಲಯದ ಕ್ರಮವನ್ನೇ ಅವನು ಕಾದಂಬರಿಯ ಕಟ್ಟಡವಾಗಿ ಮಾಡಿಕೊಂಡ. ಮದುವೆ, ಆಸ್ತಿ, ಮದುವೆಯಿಲ್ಲದೆ ಹುಟ್ಟಿದ ಮಕ್ಕಳ ಹಕ್ಕು ಇವುಗಳ ಕಾನೂನು ಹೆಂಗಸರನ್ನು ಹೇಗೆ ಹಿಂಡುತ್ತದೆ ಎಂಬುದು ಅವನ ಬಹುಪಾಲು ಕಾದಂಬರಿಗಳ ಒಳಗುದಿ. ಮೊದಲು ಅಚ್ಚಾದ ಪುಸ್ತಕ 1848ರಲ್ಲಿ ಬರೆದ ತಂದೆಯ ಜೀವನಚರಿತ್ರೆ. ಮೊದಲು ಅಚ್ಚಾದ ಕಾದಂಬರಿ 1850ರ 'ಆಂಟೊನಿನಾ'.

ಡಿಕನ್ಸ್ ಸಿಕ್ಕಿದ್ದು 1851ರಲ್ಲಿ, ನಾಟಕದ ನೆಪದಲ್ಲಿ. ಡಿಕನ್ಸ್ ಕಟ್ಟಿದ ಹವ್ಯಾಸಿ ತಂಡದ ನಾಟಕವೊಂದರಲ್ಲಿ ಕಾಲಿನ್ಸ್‌ಗೆ ಸೇವಕನ ಪಾತ್ರ. ನೋಡಲು ವಿಕ್ಟೋರಿಯಾ ರಾಣಿಯೇ ಬಂದಿದ್ದಳು. ಡಿಕನ್ಸ್‌ಗಿಂತ ಹನ್ನೆರಡು ವರ್ಷ ಚಿಕ್ಕವನು. ಆದರೂ ಇಬ್ಬರೂ ಒಟ್ಟಿಗೆ ಊರು ಸುತ್ತಿದರು, ಒಟ್ಟಿಗೆ ಬರೆದರು. 1856ರಲ್ಲಿ ಕಾಲಿನ್ಸ್ ವಾರಕ್ಕೆ ಐದು ಗಿನಿ ಸಂಬಳಕ್ಕೆ ಡಿಕನ್ಸ್‌ನ 'ಹೌಸ್‌ಹೋಲ್ಡ್ ವರ್ಡ್ಸ್' ಪತ್ರಿಕೆ ಸೇರಿದ. ಅವನ ತಮ್ಮ ಚಾರ್ಲ್ಸ್, ಡಿಕನ್ಸ್‌ನ ಮಗಳು ಕೇಟಿಯನ್ನು ಮದುವೆಯಾದ. ಗೆಳೆತನ ನೆಂಟಸ್ತಿಕೆಯೂ ಆಯಿತು.

ಇಬ್ಬರ ನಡುವಿನ ದೂರ ಕಾಣುವುದು 1857ರಲ್ಲಿ. ಉತ್ತರ ಭಾರತದಲ್ಲಿ ಸಿಪಾಯಿಗಳು ಎದ್ದ ಸುದ್ದಿ, ಕಾನ್ಪುರದ ಸುದ್ದಿ ಲಂಡನ್ ಮುಟ್ಟಿದಾಗ ಡಿಕನ್ಸ್ ಕೆರಳಿ ಕೆಂಡವಾದ. ಅವನ ಮಗ ವಾಲ್ಟರ್ ಅದೇ ವರ್ಷ ಸೈನ್ಯಕ್ಕೆ ಸೇರಿ ಭಾರತಕ್ಕೆ ಹೋಗಿದ್ದ. ಅಕ್ಟೋಬರಿನಲ್ಲಿ ಗೆಳತಿಯೊಬ್ಬಳಿಗೆ ಬರೆದ ಪತ್ರದಲ್ಲಿ ಡಿಕನ್ಸ್, ತಾನು ಭಾರತದ ದಂಡನಾಯಕನಾಗಿದ್ದರೆ ಆ ಜನಾಂಗವನ್ನೇ ಭೂಮಿಯಿಂದ ಅಳಿಸಿಹಾಕಲು ಕೈಲಾದದ್ದೆಲ್ಲ ಮಾಡುತ್ತಿದ್ದೆ ಎಂಬರ್ಥದ ಮಾತು ಬರೆದಿದ್ದಾನೆ. 'ಆಲಿವರ್ ಟ್ವಿಸ್ಟ್' ಬರೆದ ಕೈಯೇ ಇದು. ಇದನ್ನು ತರಗತಿಯಲ್ಲಿ ಯಾರೂ ನಮಗೆ ಓದಿಸಲಿಲ್ಲ. ಓದಿಸಬೇಕಿತ್ತು ಎಂದೇ ನನ್ನ ಅನಿಸಿಕೆ. ಅದರಿಂದ ಡಿಕನ್ಸ್ ಚಿಕ್ಕವನಾಗುತ್ತಾನೆಂದಲ್ಲ, ಆ ಕಾಲ ಪೂರ್ತಿಯಾಗಿ ಕಾಣುತ್ತದೆಂದು.

ಆ ವರ್ಷದ ಕ್ರಿಸ್‌ಮಸ್ ಸಂಚಿಕೆಗೆ ಇಬ್ಬರೂ ಸೇರಿ ಒಂದು ಕಥೆ ಬರೆದರು. ಅದರಲ್ಲಿ ಭಾರತದ ಹೆಸರಿಲ್ಲ; ಕಥೆ ನಡೆಯುವುದು ಮಧ್ಯ ಅಮೆರಿಕದ ಒಂದು ದ್ವೀಪದಲ್ಲಿ, ಕಡಲ್ಗಳ್ಳರ ನಡುವೆ. ಆದರೆ ನಂಬಿಕೆದ್ರೋಹ ಮಾಡುವ ಕಪ್ಪು ಮೈಯವನು, ಸೆರೆ ಸಿಕ್ಕ ಇಂಗ್ಲಿಷ್ ಹೆಂಗಸರ ಧೈರ್ಯ ಎಲ್ಲವೂ ಕಾನ್ಪುರದ ನೆರಳೇ. ಮೊದಲ ಮತ್ತು ಕೊನೆಯ ಅಧ್ಯಾಯ ಡಿಕನ್ಸ್‌ನದು, ನಡುವಿನದು ಕಾಲಿನ್ಸ್‌ನದು. ಡಿಕನ್ಸ್‌ನ ಭಾಗದಲ್ಲಿ ಹಲ್ಲು ಕಡಿಯುವ ಸಿಟ್ಟಿದ್ದರೆ, ಕಾಲಿನ್ಸ್‌ನ ಭಾಗದಲ್ಲಿ ಕಳ್ಳರ ನಾಯಕ ಹೆಚ್ಚುಕಡಿಮೆ ನಗೆಪಾಟಲಿನ ಮನುಷ್ಯ. ಎರಡು ತಿಂಗಳ ನಂತರ, 1858ರ ಫೆಬ್ರವರಿಯಲ್ಲಿ, ಅದೇ ಪತ್ರಿಕೆಯಲ್ಲಿ ಕಾಲಿನ್ಸ್‌ನ 'ಎ ಸರ್ಮನ್ ಫಾರ್ ಸೀಪಾಯ್ಸ್' ಬಂತು. ಭಾರತೀಯರಿಗೆ ಬುದ್ಧಿ ಹೇಳಬೇಕೆನ್ನುವವರು ಅವರದೇ ಸಾಹಿತ್ಯದಲ್ಲಿರುವ ನೀತಿಯನ್ನು ಮೊದಲು ನೋಡಲಿ ಎಂದು ಅವನು ಮೊಗಲರ ಕಾಲದ ಒಂದು ಮುಸಲ್ಮಾನ ನೀತಿಕಥೆ ಹೇಳುತ್ತಾನೆ. ದೊಡ್ಡಣ್ಣನ ಧಾಟಿ ಅಲ್ಲೂ ಇದೆ. ಆದರೂ ಊರೆಲ್ಲ ನೇಣು ನೇಣು ಎಂದು ಕೂಗುತ್ತಿದ್ದಾಗ ಬಂದ ಬರಹ ಅದು.

ಮುಂದಿನದು ಅವನ ಏರುಗಾಲ. 1859ರ ನವೆಂಬರಿನಿಂದ 1860ರ ಆಗಸ್ಟ್‌ವರೆಗೆ ಬಂದ 'ದಿ ವುಮನ್ ಇನ್ ವೈಟ್' ಇಡೀ ದೇಶಕ್ಕೆ ಹುಚ್ಚು ಹಿಡಿಸಿತು. ಅದರ ಹೆಸರಿನಲ್ಲಿ ಮೇಲಂಗಿ ಬಂದವು, ಟೋಪಿ ಬಂದವು, ಸುಗಂಧದ್ರವ್ಯ ಬಂತು, ಕುಣಿಯಲು ವಾಲ್ಟ್ಜ್ ಸಂಗೀತವೂ ಬಂತು. ಮರುವರ್ಷ ಒಬ್ಬ ಪ್ರಕಾಶಕ ಮುಂದಿನ ಒಂದು ಕಾದಂಬರಿಗೆ 5000 ಪೌಂಡು ಕೊಡುವುದಾಗಿ ಒಪ್ಪಂದ ಮಾಡಿಕೊಂಡ. ಕಾಲಿನ್ಸ್ ಪತ್ರಿಕೆಯ ನೌಕರಿ ಬಿಟ್ಟ. 'ನೋ ನೇಮ್', 'ಆರ್ಮಡೇಲ್' ಬಂದವು. ಇವುಗಳ ಬಗ್ಗೆ ಇನ್ನೊಮ್ಮೆ ಬರೆಯಬಹುದು. ನನ್ನ ಕಣ್ಣು ನೆಟ್ಟಿರುವುದು 1868ರ ಮೇಲೆ.

ಕಾಲಿನ್ಸ್ ಭಾರತಕ್ಕೆ ಕಾಲಿಟ್ಟವನಲ್ಲ. 'ಮೂನ್‌ಸ್ಟೋನ್' ಬರೆಯಲು ಎನ್ಸೈಕ್ಲೋಪೀಡಿಯಾ ಬ್ರಿಟಾನಿಕಾ ಓದಿ ಟಿಪ್ಪಣಿ ಮಾಡಿಕೊಂಡ; ರತ್ನಗಳ ಬಗೆಗಿನ ಪುಸ್ತಕ ತಿರುವಿಹಾಕಿದ; ಭಾರತದಲ್ಲಿ ಕೆಲಸ ಮಾಡಿ ಬಂದ ಅಧಿಕಾರಿಯೊಬ್ಬನಿಂದ ಕಾಠಿಯಾವಾಡದ ವಿವರ ತರಿಸಿಕೊಂಡ. ಕೊಹಿನೂರ್ ಮತ್ತು ರಷ್ಯಾದ ರಾಜದಂಡದ ತುದಿಯಲ್ಲಿರುವ ವಜ್ರ, ಈ ಎರಡರ ಕಥೆಗಳಿಂದ ತನ್ನ ವಜ್ರ ಹುಟ್ಟಿತು ಎಂದು ಮುನ್ನುಡಿಯಲ್ಲಿ ಅವನೇ ಹೇಳಿದ್ದಾನೆ. ಕೊಹಿನೂರನ್ನು ಪಂಜಾಬಿನ ಬಾಲರಾಜನಿಂದ ಕಿತ್ತುಕೊಂಡದ್ದು 1849ರಲ್ಲಿ. 1851ರ ಮಹಾ ಪ್ರದರ್ಶನದಲ್ಲಿ ಲಂಡನ್ನಿನ ಜನ ಅದನ್ನು ಮುಗಿಬಿದ್ದು ನೋಡಿದ್ದರು.

ಕಾದಂಬರಿಯ ವಜ್ರಕ್ಕೆ ದೊಡ್ಡ ಪೂರ್ವಕಥೆಯಿದೆ. ಅದು ಸೋಮನಾಥದ ಚಂದ್ರದೇವನ ಹಣೆಯದು. ಘಜ್ನಿಯ ದಾಳಿಯಲ್ಲಿ ಉಳಿದು ಕಾಶಿ ಸೇರುತ್ತದೆ. ಔರಂಗಜೇಬನ ಕಾಲದಲ್ಲಿ ಲೂಟಿಯಾಗಿ, ಕೈಯಿಂದ ಕೈಗೆ ಬಂದು ಟಿಪ್ಪುವಿನ ಕಠಾರಿಯ ಹಿಡಿಯಲ್ಲಿ ಕೂರುತ್ತದೆ. ಮೂವರು ಬ್ರಾಹ್ಮಣರು ತಲೆಮಾರಿನಿಂದ ತಲೆಮಾರಿಗೆ ಅದರ ಬೆನ್ನುಹತ್ತಿ ಕಾಯುತ್ತಿರುತ್ತಾರೆ. ಸೋಮನಾಥವೇ ಯಾಕೆ ಎನ್ನುವುದಕ್ಕೆ ಇಂಗ್ಲಿಷ್ ಓದುಗನ ನೆನಪಿನಲ್ಲಿ ಕಾರಣವಿತ್ತು. 1842ರಲ್ಲಿ ಗವರ್ನರ್ ಜನರಲ್ ಎಲೆನ್‌ಬರೋ, ಘಜ್ನಿಯಿಂದ ಸೋಮನಾಥದ ಬಾಗಿಲುಗಳನ್ನು ಮರಳಿ ತಂದೆನೆಂದು ಘೋಷಿಸಿ ನಗೆಗೀಡಾಗಿದ್ದ. ಆ ಬಾಗಿಲು ಸೋಮನಾಥದವೇ ಅಲ್ಲವೆಂದು ಆಮೇಲೆ ತಿಳಿಯಿತು. ಈಗಲೂ ಅವು ಆಗ್ರಾ ಕೋಟೆಯಲ್ಲಿವೆ. ಒಬ್ಬ ಸುಲ್ತಾನ ಕದ್ದದ್ದನ್ನು ಹಿಂದಿರುಗಿಸುವ ಉಪಕಾರಿ ತಾನು ಎನ್ನುವುದು ಕಂಪನಿ ಸರ್ಕಾರದ ಕಥೆ. ಕಾಲಿನ್ಸ್ ಅದೇ ಸೋಮನಾಥವನ್ನು ತೆಗೆದುಕೊಂಡು, ಕಳ್ಳರ ಸಾಲಿನ ಕೊನೆಯಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿಯನ್ನು ನಿಲ್ಲಿಸಿದ. ನನ್ನ ಪ್ರಕಾರ ಕಾದಂಬರಿಯ ನಿಜವಾದ ಹುರುಳು ಇಲ್ಲಿದೆ.

ಇದು ಎಷ್ಟು ಹೊಸದು ಎಂದು ತಿಳಿಯಲು ಅದಕ್ಕಿಂತ ಮುಂಚಿನವನ್ನು ನೋಡಬೇಕು. ಪಟ್ಟಣ ಬಿದ್ದ ಮರುವರ್ಷವೇ, 1800ರಲ್ಲಿ, ರಾಬರ್ಟ್ ಕೆರ್ ಪೋರ್ಟರ್ ಎಂಬ ಯುವಕ ಬರೆದ ಸುಮಾರು 120 ಅಡಿ ಉದ್ದದ ಚಿತ್ರವನ್ನು ಲಂಡನ್ನಿನಲ್ಲಿ ಟಿಕೆಟ್ ಇಟ್ಟು ತೋರಿಸಿದರು. ಟಿಪ್ಪುವಿನ ನಾಟಕಗಳು ಕುದುರೆ ಕುಣಿಸುವ ರಂಗಮಂದಿರಗಳಲ್ಲಿ ದಶಕಗಟ್ಟಲೆ ಓಡಿದವು. ವಾಲ್ಟರ್ ಸ್ಕಾಟ್ 1827ರಲ್ಲಿ 'ದಿ ಸರ್ಜನ್ಸ್ ಡಾಟರ್' ಬರೆದ. ಮುಂದೆ ಸುರಪುರದ ಆಡಳಿತ ನೋಡಿಕೊಂಡು ನಮ್ಮ ಕಡೆಯವನೇ ಆಗಿಹೋದ ಮೆಡೋಸ್ ಟೇಲರ್ 1840ರಲ್ಲಿ 'ಟಿಪ್ಪೂ ಸುಲ್ತಾನ್' ಬರೆದ. ಕ್ರೂರ ಸುಲ್ತಾನ, ಸೆರೆಮನೆಯಲ್ಲಿ ನರಳುವ ಇಂಗ್ಲಿಷರು, ಕೊನೆಗೆ ಗೆಲುವು. ಇವುಗಳಲ್ಲಿ ಹೆಚ್ಚಿನವು ಸಾಗುವ ದಾರಿ ಇದೇ. ಕಾಲಿನ್ಸ್ ಟಿಪ್ಪುವಿನ ಕ್ರೌರ್ಯದ ಮೇಲೆ ಕಾಲ ಕಳೆಯುವುದಿಲ್ಲ. ಟಿಪ್ಪು ಅಲ್ಲಿ ಬರುವುದು ವಜ್ರದ ಒಬ್ಬ ಹಿಂದಿನ ಒಡೆಯನಾಗಿ, ಶವವಾಗಿ. ಕ್ಯಾಮೆರಾ ತಿರುಗುವುದು ಅರಮನೆಯ ಆಯುಧಶಾಲೆಯ ಕಡೆ. ಒಂದು ಕೈಯಲ್ಲಿ ಪಂಜು, ಇನ್ನೊಂದು ಕೈಯಲ್ಲಿ ರಕ್ತ ತೊಟ್ಟಿಕ್ಕುವ ಕಠಾರಿ ಹಿಡಿದ ಹರ್ನ್‌ಕ್ಯಾಸಲ್, ಕಾಲಡಿಯಲ್ಲಿ ಇಬ್ಬರು ಸತ್ತವರು, ಸಾಯುತ್ತಿರುವ ಒಬ್ಬ.

ಜ್ಞಾನಪಿತನ ಚಿತ್ರದ ಪಕ್ಕದಲ್ಲಿ ಈ ಪುಟವನ್ನಿಟ್ಟು ನೋಡಿ. ಅದೇ ದಿನ, ಅದೇ ಕೋಟೆ, ಅದೇ ಕತ್ತಲು, ಬೆಂಕಿಯ ಬೆಳಕಿನಲ್ಲಿ ಬಿದ್ದ ಹೆಣಗಳ ಪಕ್ಕ ನಿಂತ ಒಬ್ಬ ಸೇನಾಧಿಕಾರಿ. ಚಿತ್ರದಲ್ಲಿ ಅವನು ವೀರ, ಕಾದಂಬರಿಯಲ್ಲಿ ಕಳ್ಳ. ಇದು ನನ್ನ ಓದು. ಬೇರೆಯವರು ಬೇರೆ ರೀತಿ ಓದಲಿ. ಆದರೆ ಆ ಚಿತ್ರಕಾರನ ಹೆಸರನ್ನೇ ಹೊತ್ತು ಬೆಳೆದವನು ಶ್ರೀರಂಗಪಟ್ಟಣವನ್ನು ಆರಿಸಿಕೊಂಡದ್ದು ಬರೀ ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ.

ಇನ್ನು ಇತಿಹಾಸದ ಶ್ರೀರಂಗಪಟ್ಟಣ. ಮೇ 4ರ ಮಧ್ಯಾಹ್ನ ಗೋಡೆಯ ಬಿರುಕಿನಿಂದ ಸೈನ್ಯ ನುಗ್ಗಿತು. ಸಂಜೆಯಿಂದ ಲೂಟಿ. ಆ ರಾತ್ರಿ ಊರಿನಲ್ಲಿ ಲೂಟಿಯಾಗದೆ ಉಳಿದ ಮನೆಯೇ ಇಲ್ಲವೆನ್ನಬಹುದು ಎಂದು ಆರ್ಥರ್ ವೆಲ್ಲೆಸ್ಲಿ ಕೆಲವೇ ದಿನಗಳಲ್ಲಿ ತನ್ನ ಅಣ್ಣ, ಗವರ್ನರ್ ಜನರಲ್‌ಗೆ ಬರೆದ. ಸೈನಿಕರು ಚಿನ್ನದ ಗಟ್ಟಿ, ಒಡವೆಗಳನ್ನು ಬಜಾರಿನಲ್ಲಿ ಸಿಕ್ಕ ಬೆಲೆಗೆ ಮಾರುತ್ತಿದ್ದರು. ಪಟ್ಟಣದ ಉಸ್ತುವಾರಿ ವಹಿಸಿಕೊಂಡ ವೆಲ್ಲೆಸ್ಲಿ ನಾಲ್ವರನ್ನು ನೇಣಿಗೇರಿಸಿ, ಹಲವರಿಗೆ ಚಡಿಯೇಟು ಹೊಡೆಸಿದ ಮೇಲೆ ಲೂಟಿ ತಹಬಂದಿಗೆ ಬಂತು. ಕಾದಂಬರಿಯಲ್ಲೂ ಕಳ್ಳರನ್ನು ನೇಣಿಗೆ ಹಾಕುವ ಡಂಗುರವಿದೆ. ಅದನ್ನು ಹೊರಡಿಸುವವನು ಬೇರ್ಡ್.

ಆಮೇಲೆ ಶುರುವಾದದ್ದು ಕಾನೂನುಬದ್ಧ ಹಂಚಿಕೆ. ಗೆದ್ದ ಸೈನ್ಯಕ್ಕೆ ಸೇರಬೇಕಾದ ಸ್ವತ್ತೆಂದು ಅರಮನೆಯ ಸಂಪತ್ತನ್ನೆಲ್ಲ ಪಟ್ಟಿ ಮಾಡಿ, ಬೆಲೆ ಕಟ್ಟಿ, ಹರಾಜು ಹಾಕಿ, ದರ್ಜೆಗೆ ತಕ್ಕಂತೆ ಪಾಲು ಮಾಡಿದರು. ಇದಕ್ಕೆಂದೇ 'ಪ್ರೈಜ್ ಏಜೆಂಟ್' ಎಂಬ ಅಧಿಕಾರಿಗಳಿದ್ದರು. ಮೊತ್ತ ಹತ್ತು ಲಕ್ಷ ಪೌಂಡು ಮೀರಿತ್ತು. ದಂಡನಾಯಕ ಜನರಲ್ ಹ್ಯಾರಿಸ್‌ಗೆ ಸಿಕ್ಕಿದ್ದು 1,40,000 ಪೌಂಡಿಗೂ ಹೆಚ್ಚು. ಸಾಮಾನ್ಯ ಗೋರಾ ಸಿಪಾಯಿಗೆ ಏಳು ಪೌಂಡಿನ ಆಸುಪಾಸು. ಕಂಪನಿಯ ದೇಶೀ ಸಿಪಾಯಿಗೆ ಅದಕ್ಕಿಂತಲೂ ಕಡಿಮೆ. ಟಿಪ್ಪುವಿನ ಸಿಂಹಾಸನವನ್ನು ಪಾಲಿಗೆ ಅನುಕೂಲವಾಗಲೆಂದು ತುಂಡು ಮಾಡಿದರು. ಅದರ ಮೇಲಿದ್ದ ಹುಮಾ ಹಕ್ಕಿ ವಿಂಡ್ಸರ್ ಸೇರಿತು. ಗೋರಾ ಮನುಷ್ಯನ ಕತ್ತಿಗೆ ಬಾಯಿ ಹಾಕಿದ ಮರದ ಹುಲಿ ಲಂಡನ್ನಿನ ಕಂಪನಿ ಕಚೇರಿಗೆ ಹೋಯಿತು. ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಈ ಲೆಕ್ಕ ನೋಡಿದ ಮೇಲೆ ಹರ್ನ್‌ಕ್ಯಾಸಲ್‌ನ ಅಪರಾಧ ಬೇರೆಯಾಗಿ ಕಾಣುತ್ತದೆ. ಕೊಲೆಯನ್ನು ಪಕ್ಕಕ್ಕಿಟ್ಟರೆ ಅವನು ಮಾಡಿದ ತಪ್ಪೆಂದರೆ ಸರತಿ ಮುರಿದದ್ದು. ಸರತಿಯಲ್ಲಿ ನಿಂತಿದ್ದರೆ ಅವನಿಗೂ ರಸೀದಿ ಸಿಗುತ್ತಿತ್ತು. ಕಾಲಿನ್ಸ್ ಈ ಮಾತನ್ನು ಆಡುವುದಿಲ್ಲ. ಅವನ ಧೈರ್ಯ ಒಬ್ಬ ಕೆಟ್ಟ ಅಧಿಕಾರಿಯವರೆಗೆ ಹೋಗಿ ನಿಲ್ಲುತ್ತದೆ. ಸೈನ್ಯದ ಪಾಲುಪಟ್ಟಿಯವರೆಗೆ ಹೋಗುವುದಿಲ್ಲ.

ನನಗೆ ಅದಕ್ಕಿಂತ ಕಾಡುವ ಇನ್ನೊಂದು ಕೊರತೆಯಿದೆ. ಲೂಟಿಯಾದ ಮನೆಗಳಲ್ಲಿ ಇದ್ದವರು ಕಾದಂಬರಿಯಲ್ಲಿ ಇಲ್ಲ. ಸತ್ತ ಮೂವರೂ ಕಾಶಿಯ ವಜ್ರದ ಕಾವಲಿಗೆ ಬಂದವರು. ಗಂಜಾಮಿನ ನೇಯ್ಗೆಯವರು, ಪೇಟೆಯ ಶೆಟ್ಟರು, ಕೋಟೆಯೊಳಗಿನ ಹೆಂಗಸರು, ಮಕ್ಕಳು ಯಾರೂ ಇಲ್ಲ. ಕಳೆದ ವರ್ಷ ಕೋಟೆಯ ಬಿರುಕಿನ ಹತ್ತಿರದ ಸ್ಮಾರಕ ಸ್ತಂಭದ ಮುಂದೆ ನಿಂತಾಗ ಇದೇ ಅನ್ನಿಸಿತು. ಅದರ ಮೇಲಿರುವುದು ಮುತ್ತಿಗೆಯಲ್ಲಿ ಮಡಿದ ಇಂಗ್ಲಿಷ್ ಅಧಿಕಾರಿಗಳ ಹೆಸರು. ಟಿಪ್ಪುವಿನ ದೇಹ ಸಿಕ್ಕ ಜಾಗಕ್ಕೂ ಒಂದು ಕಲ್ಲಿದೆ. ಊರಿನವರಿಗೆ ಇಲ್ಲ. ಟಿಪ್ಪು ಎಂದ ಕೂಡಲೇ ನಾವೂ ಎರಡು ಪಂಗಡವಾಗಿ ಕಿರುಚಾಡುತ್ತೇವೆ. ಆ ರಾತ್ರಿ ಬಾಗಿಲು ಮುರಿಸಿಕೊಂಡವರ ಮಾತು ನಮ್ಮ ಬಾಯಲ್ಲೂ ಬರುವುದಿಲ್ಲ.

ಕಾದಂಬರಿ ಬರೆಯುವಾಗ ಕಾಲಿನ್ಸ್‌ನ ಸ್ಥಿತಿ ಕೆಟ್ಟದಾಗಿತ್ತು. ಕೀಲುನೋವು ಕಣ್ಣಿಗೂ ಏರಿತ್ತು. ಮಾರ್ಚ್ 19ರಂದು ತಾಯಿ ತೀರಿಕೊಂಡಳು. ನೋವಿಗೆ ಅವನು ಕುಡಿಯುತ್ತಿದ್ದದ್ದು ಲಾಡನಮ್, ಅಂದರೆ ಮದ್ಯಸಾರದಲ್ಲಿ ಕರಗಿಸಿದ ಅಫೀಮು. ಅಂದು ಇಂಗ್ಲೆಂಡಿನ ಯಾವ ಅಂಗಡಿಯಲ್ಲಾದರೂ ಅದು ಸಿಗುತ್ತಿತ್ತು. (ಆ ಅಫೀಮು ಬಹುಪಾಲು ಟರ್ಕಿಯದು, ನಮ್ಮ ದೇಶದಲ್ಲಿ ಬೆಳೆಸಿದ್ದನ್ನು ಕಂಪನಿ ಕಳಿಸುತ್ತಿದ್ದದ್ದು ಚೀನಾಕ್ಕೆ.) ವಿಷಪದಾರ್ಥಗಳ ಮಾರಾಟಕ್ಕೆ ಕಡಿವಾಣ ಹಾಕಿದ ಔಷಧ ಕಾಯಿದೆ ಬಂದದ್ದು ಈ ಧಾರಾವಾಹಿ ಮುಗಿಯುವ ಹೊತ್ತಿಗೇ, 1868ರಲ್ಲೇ. ಮಲಗಿದಲ್ಲೇ, ನರಳಾಟದ ನಡುವೆ ಹೇಳಿ ಬರೆಸಿದೆನೆಂದು ಕಾಲಿನ್ಸ್ 1871ರ ಮುನ್ನುಡಿಯಲ್ಲಿ ಬರೆದ. ಕೊನೆಯ ಭಾಗ ತಾನೇ ಬರೆದದ್ದೆಂದು ತನಗೇ ಗುರುತು ಸಿಗಲಿಲ್ಲ ಎಂದು ಮುಂದೆ ಹೇಳಿದನೆಂಬ ಕಥೆಯೂ ಇದೆ. ನ್ಯೂಯಾರ್ಕಿನಲ್ಲಿರುವ ಹಸ್ತಪ್ರತಿ ಬೇರೆ ಕಥೆ ಹೇಳುತ್ತದೆ. ಅದರ ಬಹುಪಾಲು ಅವನದೇ ಕೈಬರಹ. ಬೇರೆಯವರ ಕೈಯ ಹಾಳೆಗಳು ತೀರಾ ಕಡಿಮೆ. ಕಥೆಗಾರ ತನ್ನ ಕಷ್ಟವನ್ನೂ ಸ್ವಲ್ಪ ಕಥೆ ಮಾಡಿದ, ಅಷ್ಟೇ.

ಅಫೀಮು ಕಾದಂಬರಿಯ ಒಳಗೂ ಬಂತು. ವಜ್ರದ ಗುಟ್ಟು ಬಿಡಿಸುವವನು ಎಜ್ರಾ ಜೆನ್ನಿಂಗ್ಸ್ ಎಂಬ ವೈದ್ಯನ ಸಹಾಯಕ. ಅರ್ಧ ಇಂಗ್ಲಿಷ್ ರಕ್ತದವನು, ವಸಾಹತಿನಲ್ಲಿ ಹುಟ್ಟಿದವನು, ಊರೆಲ್ಲ ಅನುಮಾನದಿಂದ ನೋಡುವವನು, ನೋವಿಗೆ ಅಫೀಮಿನ ದಾಸ. ಪೊಲೀಸ್ ಪತ್ತೇದಾರ ಕಫ್ ಸೋತ ಜಾಗದಲ್ಲಿ ಇವನು ಗೆಲ್ಲುತ್ತಾನೆ. ಕಫ್‌ಗೆ ಮಾದರಿ 1860ರ ರೋಡ್ ಹಿಲ್ ಮನೆಯ ಕೊಲೆ ಪ್ರಕರಣದ ಇನ್‌ಸ್ಪೆಕ್ಟರ್ ವಿಚರ್. ಕಾಣೆಯಾದ ರಾತ್ರಿಯುಡುಪಿನ ಸುಳಿವು ಬಂದದ್ದೂ ಅಲ್ಲಿಂದಲೇ. ಗುಟ್ಟು ಏನೆಂದು ನಾನು ಹೇಳುವುದಿಲ್ಲ. ಓದದವರ ಖುಷಿ ಕೆಡಿಸಿದ ಪಾಪ ನನಗೆ ಬೇಡ. ಕೊನೆಯ ಪುಟದಲ್ಲಿ ವಜ್ರ ಎಲ್ಲಿರುತ್ತದೆ ಎನ್ನುವುದನ್ನು ಮಾತ್ರ ಹೇಳಲೇಬೇಕು: ಮರಳಿ ಸೋಮನಾಥದಲ್ಲಿ, ದೇವರ ಹಣೆಯ ಮೇಲೆ. ಸಾವಿರಾರು ಜನರ ಜಾತ್ರೆಯಲ್ಲಿ, ಕಡಲು ದಾಟಿ ಜಾತಿ ಕಳೆದುಕೊಂಡ ಆ ಮೂವರು ಒಬ್ಬರನ್ನೊಬ್ಬರು ಅಪ್ಪಿಕೊಂಡು, ಮತ್ತೆಂದೂ ಸೇರದಂತೆ ಮೂರು ದಿಕ್ಕಿಗೆ ನಡೆದುಬಿಡುತ್ತಾರೆ. ಈ ಮೂವರು ಪೂರ್ತಿ ಮನುಷ್ಯರಾಗಿ ಮೂಡಿಲ್ಲ ಎಂಬ ಆಕ್ಷೇಪ ಸರಿಯೇ. ಕಾದಂಬರಿಯ ಉದ್ದಕ್ಕೂ ಅವರು ಜಾದೂಗಾರರ ವೇಷದಲ್ಲಿ, ಹುಡುಗನ ಅಂಗೈಗೆ ಮಸಿ ಸುರಿದು ಭವಿಷ್ಯ ಕೇಳುವ ನಿಗೂಢರಾಗಿಯೇ ಉಳಿಯುತ್ತಾರೆ. ಕೊನೆಗೆ ಕೊಲೆಯನ್ನೂ ಮಾಡುತ್ತಾರೆ. ಆದರೆ ಅವರಿಗೆ ಶಿಕ್ಷೆಯಾಗುವುದಿಲ್ಲ, ವಜ್ರ ಇಂಗ್ಲೆಂಡಿಗೆ ವಾಪಸಾಗುವುದಿಲ್ಲ. 1857 ಕಳೆದು ಹನ್ನೊಂದೇ ವರ್ಷವಾಗಿತ್ತು ಎನ್ನುವುದನ್ನು ನೆನೆಸಿಕೊಂಡು ಇದನ್ನು ಓದಬೇಕು.

ಮೊದಲು ಮೆಚ್ಚಿದ್ದ ಡಿಕನ್ಸ್, ಧಾರಾವಾಹಿ ಮುಗಿಯುವ ಹೊತ್ತಿಗೆ ಇದರ ಕಟ್ಟಡ ಸಹಿಸಲಾರದಷ್ಟು ಬೇಸರ ತರುತ್ತದೆ ಎಂದು ತನ್ನ ಸಹಾಯಕನಿಗೆ ಬರೆದ. ಗೆಳೆತನ ಆಗಲೇ ಸಡಿಲವಾಗಿತ್ತು. ಎರಡು ವರ್ಷದಲ್ಲಿ ಡಿಕನ್ಸ್ ತೀರಿಕೊಂಡ. ಅರವತ್ತು ವರ್ಷದ ನಂತರ ಟಿ.ಎಸ್. ಎಲಿಯಟ್, ಆಧುನಿಕ ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳಲ್ಲಿ ಇದೇ ಮೊದಲನೆಯದು, ಇದೇ ಶ್ರೇಷ್ಠ ಎಂದು ಹೊಗಳಿದ.

ಕಾಲಿನ್ಸ್‌ನ ಮನೆಯ ಕಥೆ ಅವನ ಕಾದಂಬರಿಗಳಷ್ಟೇ ಸಿಕ್ಕುಸಿಕ್ಕು. ಮಗಳೊಬ್ಬಳಿದ್ದ ವಿಧವೆ ಕ್ಯಾರೊಲೀನ್ ಗ್ರೇವ್ಸ್ ಜೊತೆ ವರ್ಷಗಟ್ಟಲೆ ಸಂಸಾರ ಮಾಡಿದ, ಮದುವೆಯಾಗಲಿಲ್ಲ. 1868ರ ಅಕ್ಟೋಬರಿನಲ್ಲಿ ಕ್ಯಾರೊಲೀನ್ ಬೇರೊಬ್ಬನನ್ನು ಮದುವೆಯಾದಳು. ಕಾಲಿನ್ಸ್ ಮದುವೆಗೆ ಹೋಗಿ ಸಾಕ್ಷಿಯಂತೆ ನಿಂತಿದ್ದ. ಕೆಲವು ವರ್ಷಗಳಲ್ಲಿ ಅವಳು ಮರಳಿ ಬಂದಳು. ಅಷ್ಟರಲ್ಲಿ ನಾರ್ಫೋಕ್ ಕಡೆಯ ಬಡ ಮನೆತನದ ಮಾರ್ಥಾ ರಡ್ ಇನ್ನೊಂದು ಮನೆಯಲ್ಲಿದ್ದಳು. ಅವಳಿಗೆ ಮೂವರು ಮಕ್ಕಳಾದವು. ಅಲ್ಲಿ ಕಾಲಿನ್ಸ್ 'ಮಿಸ್ಟರ್ ಡಾಸನ್'. ಮದುವೆಯ ಕಾನೂನನ್ನು ಕಾದಂಬರಿಯಿಂದ ಕಾದಂಬರಿಗೆ ಝಾಡಿಸಿದವನು ಎರಡು ಮನೆಗಳಲ್ಲಿ ಅದನ್ನು ದೂರವಿಟ್ಟು ಬದುಕಿದ. ಇದು ತತ್ವನಿಷ್ಠೆಯೋ ಅನುಕೂಲವೋ? ಹೆಂಗಸರಿಬ್ಬರೂ ಸುಳ್ಳು ಹೆಸರು, ಅರೆಬರೆ ಸ್ಥಾನದಲ್ಲಿ ಬದುಕಬೇಕಾಗಿ ಬಂದದ್ದನ್ನು ನೋಡಿದರೆ ನನಗೆ ಎರಡನೆಯದೇ ಹೆಚ್ಚು ಅನ್ನಿಸುತ್ತದೆ. ಮಕ್ಕಳನ್ನು ಮಾತ್ರ ಅವನು ಕೈಬಿಡಲಿಲ್ಲ.

ಕೊನೆಯ ಇಪ್ಪತ್ತು ವರ್ಷಗಳಲ್ಲಿ ಬರೆದದ್ದು ಬಹಳ, ನಿಂತದ್ದು ಕಡಿಮೆ. 1873ರಲ್ಲಿ ಅಮೆರಿಕಕ್ಕೆ ಹೋಗಿ ಊರೂರಿನಲ್ಲಿ ಕಥೆ ಓದಿ ಬಂದ. ಪ್ರಾಣಿಗಳ ಮೇಲಿನ ಪ್ರಯೋಗದ ವಿರುದ್ಧ ಒಂದು ಕಾದಂಬರಿ ಬರೆದ. ಲಾಡನಮ್ ಪ್ರಮಾಣ ಏರುತ್ತಾ ಹೋಯಿತು. 1889ರ ಸೆಪ್ಟೆಂಬರ್ 23ರಂದು ಸತ್ತಾಗ ಕೈಯಲ್ಲಿದ್ದ 'ಬ್ಲೈಂಡ್ ಲವ್' ಮುಗಿದಿರಲಿಲ್ಲ. ಅವನ ಟಿಪ್ಪಣಿ ಹಿಡಿದು ವಾಲ್ಟರ್ ಬೆಸಂಟ್ ಮುಗಿಸಿದ. ಉಯಿಲಿನಲ್ಲಿ ಆಸ್ತಿಯ ಆದಾಯವನ್ನು ಎರಡೂ ಮನೆಗಳಿಗೆ ಪಾಲು ಮಾಡಿದ್ದ. ಕೆನ್ಸಲ್ ಗ್ರೀನ್ ಸ್ಮಶಾನದ ಸಮಾಧಿಯ ಮೇಲೆ ಏನು ಕೆತ್ತಬೇಕೆಂದೂ ಅವನೇ ಬರೆದಿಟ್ಟಿದ್ದ: ತನ್ನ ಹೆಸರು, 'ದಿ ವುಮನ್ ಇನ್ ವೈಟ್' ಮತ್ತು ಇತರ ಕಾದಂಬರಿಗಳ ಕರ್ತೃ ಎಂಬ ಮಾತು. ಶ್ರೀರಂಗಪಟ್ಟಣದ ವಜ್ರ ಆ 'ಇತರ'ದಲ್ಲಿ ಸೇರಿಹೋಗಿದೆ. 1895ರಲ್ಲಿ ಕ್ಯಾರೊಲೀನ್‌ಳನ್ನೂ ಅದೇ ಗುಂಡಿಯಲ್ಲಿ ಹೂಳಿದರು. ಕಲ್ಲಿನ ಮೇಲೆ ಅವಳ ಹೆಸರಿಲ್ಲ.